ಮಾನಿಟರಿಗೆ ಹಚ್ಚಿದ ಅರಿಶಿನ

ಮುತ್ಯಾಲಮ್ಮ ಲಗ್ನಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಗೋಂದಿನ ಬಾಟಲಿ ಉರುಳಿಬಿತ್ತು. ಮಾವಳ್ಳಿಯಿಂದ ಚಾಮರಾಜಪೇಟೆಯವರೆಗೆ ಆಟೋದಲ್ಲಿ ಕುಲುಕಿಸಿಕೊಂಡು ಬಂದ ಹೆಂಗಸು, ಕೂತುಕೊಳ್ಳಿ ಅಂದರೂ ಕೂರಲಿಲ್ಲ, ನೀರು ಕೊಟ್ಟರೂ ಮುಟ್ಟಲಿಲ್ಲ.

"ಏನವ್ವಾ ಇದು? ನನ್ ಮೊಮ್ಮಗಳು ಸಂಧ್ಯಾ ಮದ್ವೆ ಕಾರ್ಡಾ, ಇಲ್ಲಾ ಯಾರ್ದಾದ್ರೂ ತಿಥಿ ಕಾರ್ಡಾ?"

ಶಿವಕುಮಾರಿ ಕಂಪ್ಯೂಟರಿನ ಮುಂದಿನಿಂದ ಎದ್ದು ಬಂದಳು. ಹಿಂದಿನ ದಿನ ಅವಳ ಗಂಡ ನಾಗಭೂಷಣ್ ಆ ಕಟ್ಟನ್ನು ಪ್ರೆಸ್ಸಿನಿಂದ ತೆಗೆದುಕೊಂಡವನು ಸೀದಾ ಮಾವಳ್ಳಿಗೆ ಸ್ಕೂಟರಿನಲ್ಲಿ ಮುಟ್ಟಿಸಿ ಬಂದಿದ್ದ. ತಾನೇ ಕೂತು ಮಾಡಿದ ಪತ್ರಿಕೆ ಅಚ್ಚಾದ ಮೇಲೆ ಹೇಗಿದೆ ಎಂದು ಅವಳಿನ್ನೂ ನೋಡಿರಲಿಲ್ಲ. ಯುಗಾದಿ ಕಳೆದು ಮದುವೆಯ ಸೀಸನ್ ಶುರುವಾದರೆ ಲಗ್ನಪತ್ರಿಕೆ ಅಂಗಡಿಯವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ.

ಮುತ್ಯಾಲಮ್ಮ ಕೈಚೀಲದಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ತೆಗೆದಳು. ಒಳಗೆ ಕಲಸಿದ ಅರಿಶಿನ. ಒಂದು ಕಾರ್ಡು ಹಿಡಿದು, ನಾಲ್ಕು ಮೂಲೆಗೂ ಬೆರಳಲ್ಲಿ ಅರಿಶಿನ ಹಚ್ಚಿ, ಅದನ್ನು ಶಿವಕುಮಾರಿಯ ಮೂಗಿನ ಹತ್ತಿರ ತಂದಳು.

"ಕಾಣ್ತೈತಾ?"

ಕಾಣಲಿಲ್ಲ. ಕಾರ್ಡೇ ಅರಿಶಿನದ ಬಣ್ಣಕ್ಕಿತ್ತು. ಹಚ್ಚಿದ ಜಾಗ ಯಾವುದು, ಹಚ್ಚದ ಜಾಗ ಯಾವುದು ಎಂದು ಗೊತ್ತಾಗದಷ್ಟು ಎರಡೂ ಒಂದಾಗಿ ಹೋಗಿದ್ದವು.

"ನೆನ್ನೆ ಸಂಜೆ ನಮ್ ನಾದಿನಿ ಮನೆಗೆ ಕೊಟ್ಟೆ. ಕೈಗೆ ತಗೊಳ್ಳೋಕೇ ಹಿಂದೆ ಮುಂದೆ ನೋಡಿದ್ಲು. ಮೂಲೆಗೆ ಅರಿಶಿನ ಇಲ್ಲ, ಯಾರ್ ಹೋದ್ರಕ್ಕಾ ಅಂತ ಕೇಳಿದ್ಲು! ಹಚ್ಕೊಂಡೇ ಹೋಗಿದ್ನಲ್ಲವ್ವಾ ನಾನು! ಇಷ್ಟು ವರ್ಷ ಮಾರ್ಕೆಟ್ಟಲ್ಲಿ ಸೊಪ್ಪು ಮಾರಿ ಮರ್ಯಾದೆ ಉಳಿಸ್ಕೊಂಡಿದ್ದೆ, ಒಂದ್ ಕಾರ್ಡಲ್ಲಿ ಹೋಯ್ತು."

ಶಿವಕುಮಾರಿ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳು ಆ ಕಾರ್ಡಿಗೆ ಹಾಕಿದ್ದು ಕೆನೆ ಬಣ್ಣ. ಮೂಲೆಯ ಅರಿಶಿನ ಎದ್ದು ಕಾಣಬೇಕೆಂದೇ ಅವಳು ಯಾವ ಲಗ್ನಪತ್ರಿಕೆಗೂ ಗಾಢ ಹಳದಿಯನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಈ ಕಸುಬಿಗೆ ಕೈಹಾಕಿದ ಮೊದಲ ದಿನವೇ ಕಲಿತ ಪಾಠ ಅದು.

ಆಗ ಗಲ್ಲಾದ ಹತ್ತಿರ ಕೂತಿದ್ದ ನಾಗಭೂಷಣ್ ಬಾಯಿ ಬಿಟ್ಟ. ಗಿರಾಕಿ ಎದುರಿಗಿದ್ದರೆ ಅವನ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ.

"ತಪ್ಪಾಯ್ತಮ್ಮ, ಬೇರೆ ಹೊಡೆಸ್ಕೊಡ್ತೀವಿ. ನಮ್ಮನೆಯವಳಿಗೆ ಇತ್ತೀಚೆಗೆ ಕಣ್ಣು ಸ್ವಲ್ಪ ಹಾಗೇ... ನಲವತ್ತು ದಾಟಿತಲ್ಲ. ಡಾಕ್ಟರ್ ಹತ್ರ ಕರ್ಕೊಂಡ್ಹೋಗ್ಬೇಕು."

ಮುತ್ಯಾಲಮ್ಮನ ಮುಖದಲ್ಲಿದ್ದ ಸಿಟ್ಟು ಇಳಿಯಿತು. ಅವಳು ಶಿವಕುಮಾರಿಯನ್ನು ಅಯ್ಯೋ ಪಾಪ ಎನ್ನುವ ಹಾಗೆ ನೋಡಿದಳು. ಬೈದಿದ್ದರೆ ಶಿವಕುಮಾರಿ ತಡೆದುಕೊಳ್ಳುತ್ತಿದ್ದಳು, ಈ ನೋಟವನ್ನು ತಡೆದುಕೊಳ್ಳುವುದು ಅವಳಿಂದಾಗಲಿಲ್ಲ.

"ಶುಕ್ರವಾರ ಬರ್ತೀನಿ ಕಣವ್ವಾ. ಅಚ್ಚಿಗೆ ಹಾಕೋಕ್ ಮುಂಚೆ ನನ್ ಕಣ್ಣಲ್ಲೇ ಒಂದ್ಸಲ ನೋಡ್ಬೇಕು. ಅವತ್ತೂ ಹಿಂಗೇ ಇದ್ರೆ ಬೇಜಾರ್ ಮಾಡ್ಕೋಬೇಡ, ಬಳೇಪೇಟೆ ಕಾರ್ಡಂಗ್ಡಿಗೆ ಹೋಗ್ತೀನಿ," ಎಂದು ಹೇಳಿ ಅವಳು ಆಟೋ ಹತ್ತಿದಳು.

ಶಿವಕುಮಾರಿಯ ಕಣ್ಣಿನ ಬಗ್ಗೆ ಇಲ್ಲಿ ಎರಡು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವಳ ತವರು ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಗಳ ಮನೆ. ಲಂಗ ಹಾಕಿಕೊಳ್ಳುವ ವಯಸ್ಸಿನಲ್ಲೇ ಅವಳು ಅಪ್ಪನ ಅಂಗಡಿಯ ಗಾದಿಯ ಮೇಲೆ ಕೂತು ಸೀರೆಗೆ ಬ್ಲೌಸ್ ಪೀಸು ಹೊಂದಿಸಿ ಕೊಡುತ್ತಿದ್ದಳು. ಸೀರೆ ತರುವುದು ಮರೆತು ಬಂದವರು ಬಾಯಲ್ಲಿ ಹೇಳಿದರೂ ಸಾಕು, ಥಾನುಗಳ ಸಾಲಿನಿಂದ ಅದೇ ಬಣ್ಣ ಎಳೆದು ಹಾಕುತ್ತಿದ್ದಳು. ಮದುವೆಯಾಗಿ ಚಾಮರಾಜಪೇಟೆಗೆ ಬಂದ ಮೇಲೆ, ಗಂಡನ ಅಂಗಡಿಗೆ ಕಂಪ್ಯೂಟರ್ ಬಂದ ಕಾಲಕ್ಕೆ ಡಿಟಿಪಿ ಕಲಿತಳು. ಅಕ್ಷರ ಜೋಡಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ಬಣ್ಣ ಮಾತ್ರ ಅವಳಿಗೇ ಒಲಿದದ್ದು. ಪರದೆಯ ಮೇಲೆ ಬಣ್ಣದ ಪಕ್ಕದಲ್ಲಿ ನಂಬರುಗಳೂ ಬರುತ್ತವೆ, ಇಷ್ಟು ಪಾಲು ಹಳದಿ, ಇಷ್ಟು ಪಾಲು ಕೆಂಪು ಎಂದು. ಅವಳು ಅವುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಳತೆಯ ಲೋಟ ಹಿಡಿದು ಸಾರಿಗೆ ಉಪ್ಪು ಹಾಕುವವರನ್ನು ಕಂಡರೆ ಆಗುವಷ್ಟೇ ತಾತ್ಸಾರ ಅವಳಿಗೆ ಆ ನಂಬರುಗಳ ಮೇಲೆ. ಜಂಬವೇ? ಹೌದು, ಜಂಬವೇ. ಹತ್ತು ವರ್ಷ ಒಂದು ಕಾರ್ಡೂ ವಾಪಸು ಬರದಿದ್ದರೆ ಯಾರಿಗಾದರೂ ಬರುತ್ತದೆ.

ಆ ಹತ್ತು ವರ್ಷವೂ ಅವಳೆದುರು ಕೂತಿದ್ದದ್ದು ಒಂದೇ ಮಾನಿಟರ್. ಇಪ್ಪತ್ತೊಂದು ಇಂಚಿನದು, ಹಿಂಭಾಗ ಅಷ್ಟುದ್ದ ಚಾಚಿಕೊಂಡು ಅರ್ಧ ಮೇಜನ್ನು ತಾನೇ ಆಕ್ರಮಿಸಿಕೊಂಡಿದ್ದ ಭಾರೀ ಗಾತ್ರದ ಪೆಟ್ಟಿಗೆ. ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದ ಕೂಡಲೇ ಅವಳು ಮೊದಲು ಅದರ ಗುಂಡಿ ಒತ್ತುತ್ತಿದ್ದಳು. ಆಮೇಲೆ ಕಸ ಗುಡಿಸಿ, ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದು, ಬಸವಣ್ಣನ ಪಟಕ್ಕೆ ವಿಭೂತಿ ಹಚ್ಚಿ, ನಿಧಾನವಾಗಿ ಕಾಫಿ ಕುಡಿಯುವಳು. ಅಷ್ಟು ಹೊತ್ತಿಗೆ ಮಾನಿಟರ್ ಬಿಸಿಯೇರಿ ಬಣ್ಣಗಳು ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತಿದ್ದವು. ಅದಕ್ಕೆ ಮುಂಚೆ ಯಾವ ಮಂತ್ರಿಯ ಮಗನ ಮದುವೆಯ ಕಾರ್ಡಾದರೂ ಸರಿ, ಅವಳು ಬಣ್ಣ ಮುಟ್ಟುತ್ತಿರಲಿಲ್ಲ.

ಈ ವರ್ಷ, ಎರಡು ಸಾವಿರದ ಆರರ ಶಿವರಾತ್ರಿ ಕಳೆದ ಮೇಲೆ, ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ನಾಗಭೂಷಣ್ ಅದನ್ನು ಎಕ್ಸ್‌ಚೇಂಜಿಗೆ ಹಾಕಿ ಹೊಸದು ತಂದ. ಅದರ ಜೊತೆಗೊಂದು ಚಪ್ಪಟೆ ಎಲ್‌ಸಿಡಿ ಪರದೆ. ಅದನ್ನು ಅವನು ದಿನಕ್ಕೆರಡು ಸಲ ಕರ್ಚೀಫಿನಲ್ಲಿ ಒರೆಸುತ್ತಿದ್ದ. ಬಂದ ಗಿರಾಕಿಗಳಿಗೆಲ್ಲ, "ಬೇಕಾದ್ರೆ ಕ್ಯಾಲೆಂಡರ್ ಥರ ಗೋಡೆಗೇ ತಗಲಾಕ್ಬೋದು ಸಾರ್," ಎಂದು ತೋರಿಸುತ್ತಿದ್ದ. ಹಳೆಯ ಮಾನಿಟರನ್ನು ಎಕ್ಸ್‌ಚೇಂಜಿನವರು ಎತ್ತಿಕೊಂಡು ಹೋಗಲು ಒಪ್ಪಲಿಲ್ಲ. ಅದು ಹಳೆಯ ದುಪ್ಪಟಿ ಹೊದ್ದು ಮೆಟ್ಟಿಲ ಕೆಳಗೆ ಕೂತಿತ್ತು. ಭಾನುವಾರ ಗುಜರಿಯವನು ಬರುವವನಿದ್ದ. ಹೊಸ ಪರದೆಯಲ್ಲಿ ಅವಳು ಬಣ್ಣ ಹದ ಮಾಡಿದ ಮೊದಲ ಲಗ್ನಪತ್ರಿಕೆಯೇ ಸಂಧ್ಯಾಳದು.

ಮುತ್ಯಾಲಮ್ಮನ ಆಟೋ ಮರೆಯಾದದ್ದೇ ತಡ, ಶಿವಕುಮಾರಿ ಸಂಧ್ಯಾಳ ಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ತೆರೆದಳು. ವಾಪಸು ಬಂದ ಕಾರ್ಡನ್ನು ಪರದೆಯ ಪಕ್ಕದಲ್ಲೇ ಹಿಡಿದಳು. ಕಾರ್ಡು ಅರಿಶಿನ, ಪರದೆ ಕೆನೆ. ಅವಳಿಗೆ ಹೋದ ಜೀವ ಬಂತು.

"ನೋಡ್ರೀ ಇಲ್ಲಿ. ನಾನು ಹಾಕಿರೋದು ಕೆನೆ ಬಣ್ಣನೇ. ಪ್ರೆಸ್ಸಲ್ಲಿ ಶೀನಣ್ಣ ಎಡವಟ್ಟು ಮಾಡಿದಾರೆ."

ನಾಗಭೂಷಣ್ ಅವಳ ಕುರ್ಚಿಯ ಹಿಂದೆ ನಿಂತು, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ನೋಡಿದ.

"ಎಲ್ಲಿ ಕೆನೆ? ಹಳದಿ ಇದೆಯಲ್ಲೇ. ಕಾರ್ಡಲ್ಲಿ ಹೇಗಿದೆಯೋ ಸ್ಕ್ರೀನಲ್ಲೂ ಹಾಗೇ ಇದೆ."

"ಸರಿಯಾಗ್ ನೋಡ್ರೀ."

"ಸರಿಯಾಗೇ ನೋಡ್ತಿದೀನಿ ಕುಮಾರಿ. ಹಳದಿ. ಅಪ್ಪಟ ಹಳದಿ. ನಿನಗೆ ನಿಜವಾಗ್ಲೂ ಕಾಣ್ತಿಲ್ವಾ?"

ಕೊನೆಯ ಮಾತಿನಲ್ಲಿ ಕೊಂಕಿರಲಿಲ್ಲ. ಅವನು ಗಾಬರಿಯಾಗಿದ್ದ. ಅದನ್ನು ಕಂಡು ಅವಳಿಗೆ ಹೆದರಿಕೆಯಾಯಿತು. ಮತ್ತೆ ನೋಡಿದಳು, ಕಣ್ಣುಜ್ಜಿಕೊಂಡು ನೋಡಿದಳು. ಪರದೆಯ ಮೇಲಿದ್ದದ್ದು ಆಗತಾನೇ ಕಾದ ಹಾಲಿನ ಕೆನೆಯ ಬಣ್ಣ. ಶೀನಣ್ಣನಿಗೆ ಫೋನು ಮಾಡಿದರೆ ಅವನೂ, "ಅಕ್ಕಾ, ನೀವು ಕಳ್ಸಿದ್ದನ್ನೇ ಹೊಡ್ದಿರೋದು. ನಿಮ್ ಬಣ್ಣಕ್ಕೆ ನಾನು ಕೈ ಹಾಕ್ತೀನಾ?" ಎಂದ. ಅದು ನಿಜ. ಅವಳ ಬಣ್ಣಕ್ಕೆ ಕೈ ಹಾಕಿ ಅವನು ಒಮ್ಮೆ ಬೈಸಿಕೊಂಡಿದ್ದ.

ಮಾರನೆಯ ಬೆಳಗ್ಗೆ ಅಡುಗೆಮನೆಯಲ್ಲಿ ಒಗ್ಗರಣೆಗೆ ನಿಂತವಳು, ಕಿಟಕಿಯ ಬೆಳಕಿಗೆ ತಟ್ಟೆ ಹಿಡಿದು ಅದರಲ್ಲಿ ಚಿಟಿಕೆ ಅರಿಶಿನ, ಪಕ್ಕದಲ್ಲಿ ಕಡಲೆಹಿಟ್ಟು, ಅದರ ಪಕ್ಕದಲ್ಲಿ ಚಿರೋಟಿ ರವೆ ಹಾಕಿಕೊಂಡು ನೋಡಿದಳು. ಮೂರೂ ಬೇರೆಬೇರೆಯಾಗಿಯೇ ಕಂಡವು. ಆದರೆ ಯಾವುದು ಯಾವುದೆಂದು ಮೊದಲೇ ಗೊತ್ತಿತ್ತಲ್ಲ, ಹಾಗಾಗಿ ಈ ಪರೀಕ್ಷೆಯಿಂದ ಅವಳಿಗೆ ಸಮಾಧಾನವಾಗಲಿಲ್ಲ. ಸಾರು ಉಕ್ಕಿ ಒಲೆಯ ಮೇಲೆ ಚೆಲ್ಲಿತು.

ಅಂಗಡಿಯ ಬೋರ್ಡಿನ ಮೇಲಿದ್ದದ್ದು ಗಂಡನ ಹೆಸರು. ಆರ್ಡರ್ ತೆಗೆದುಕೊಳ್ಳುವವನು ಅವನು, ಪ್ರೆಸ್ಸಿಗೆ ಓಡಾಡುವವನು ಅವನು, ಚೆನ್ನಾಗಿದೆ ಅಂತ ಹೊಗಳಿಸಿಕೊಳ್ಳುವವನೂ ಅವನೇ. ಅದಕ್ಕೆಲ್ಲ ಅವಳು ಬೇಸರಪಟ್ಟವಳಲ್ಲ. ಈ ಕಣ್ಣಿಲ್ಲದೆ ಅಂಗಡಿಯಿಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಅಷ್ಟು ಸಾಕಾಗಿತ್ತು. ಈಗ ಆ ಕಣ್ಣೇ ಹೋದರೆ ತಾನು ಅಲ್ಲಿ ಯಾರು? ಗಂಡ ಸೋಮವಾರಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಹೆಸರು ಬರೆಸಿಯೇ ಬಿಟ್ಟಿದ್ದ.

ಅದಕ್ಕೂ ಮೊದಲು ಅವಳೊಂದು ತೀರ್ಮಾನ ಮಾಡಿದಳು. ಅದೇ ಪತ್ರಿಕೆಯನ್ನು ತನ್ನ ಹಳೆಯ ಮಾನಿಟರಿನಲ್ಲಿ ನೋಡಬೇಕು. ಅಲ್ಲಿ ಹಳದಿ ಕಂಡರೆ ಅವಳ ಕಣ್ಣು ಸರಿಯಾಗಿದೆ, ಹೊಸ ಪರದೆಯೇ ಮೋಸ ಮಾಡಿದೆ. ಅಲ್ಲೂ ಕೆನೆಯೇ ಕಂಡರೆ ಬಾಯಿ ಮುಚ್ಚಿಕೊಂಡು ಡಾಕ್ಟರ ಹತ್ತಿರ ಹೋಗುವುದು.

ಮೆಟ್ಟಿಲ ಕೆಳಗೆ ಬಗ್ಗಿ ದುಪ್ಪಟಿ ಸರಿಸಿ ನೋಡಿದರೆ, ಹಳೆಯ ಮಾನಿಟರಿನ ದಪ್ಪ ಕೇಬಲ್ಲಿನ ತುದಿಯಲ್ಲಿ ನೀಲಿ ಮುಖ, ಮೂರು ಸಾಲು ಸಣ್ಣ ಪಿನ್ನುಗಳು. ಹೊಸ ಕಂಪ್ಯೂಟರಿನ ಬೆನ್ನಲ್ಲಿ ಅಂಥ ತೂತೇ ಇರಲಿಲ್ಲ. ಅಲ್ಲಿದ್ದದ್ದು ಅಗಲವಾದ ಬಿಳಿಯ ಬಾಯಿ. ಜಾತಕವೇ ಕೂಡಿಬರಲಿಲ್ಲ. ಕಂಪ್ಯೂಟರ್ ಕೊಟ್ಟ ಅಂಗಡಿಯ ಹುಡುಗ ಗೋಕುಲ್‌ಗೆ ಅವಳು ಫೋನು ಮಾಡಿದಳು.

"ಅದಕ್ಕೊಂದು ಕನ್ವರ್ಟರ್ ಬರತ್ತೆ ಮೇಡಂ, ಎಸ್‌.ಪಿ. ರೋಡಲ್ಲಿ ಸಿಗತ್ತೆ," ಎಂದ ಗೋಕುಲ್. "ಆದ್ರೆ ಯಾಕ್ ಮೇಡಂ? ಬೆಂಜ್ ಕಾರಿಗೆ ಯಾರಾದ್ರೂ ಜಟಕಾ ಚಕ್ರ ಹಾಕ್ತಾರಾ?"

"ನನ್ನ ಜಟಕಾ ನನಗೆ ದಾರಿ ತಪ್ಪಿಸಿರ್ಲಿಲ್ಲಪ್ಪ," ಎಂದು ಅವಳು ಫೋನಿಟ್ಟಳು.

ವಾಪಸು ಬಂದ ಒಂದು ಕಾರ್ಡು ತೆಗೆದು, ಅದರ ಬೆನ್ನ ಮೇಲೆ ಕಂಪ್ಯೂಟರಿನ ಬಿಳಿಯ ಬಾಯಿಯ ಚಿತ್ರವನ್ನು ಒಂದು ತೂತೂ ಬಿಡದೆ ಬರೆದುಕೊಂಡಳು. ಸೀರೆಯ ಸೆರಗಿನ ತುಂಡು ಹಿಡಿದು ಚಿಕ್ಕಪೇಟೆಗೆ ಬರುತ್ತಿದ್ದ ಹೆಂಗಸರನ್ನು ಅವಳು ಎಷ್ಟು ನೋಡಿಲ್ಲ. ಮಾರ್ಕೆಟ್ಟಿನವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಎಸ್‌.ಪಿ. ರೋಡಿಗೆ ನಡೆದಳು. ಮೊದಲ ಅಂಗಡಿಯವನು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, "ಯಾವತ್ತಮ್ಮಾ ಮದ್ವೆ?" ಎಂದು ಕೇಳಿದ. ಮೂರನೆಯ ಅಂಗಡಿಯವನು ಚಿತ್ರವನ್ನು ಒಂದು ಸಲ ನೋಡಿ, ಡ್ರಾಯರ್ ಎಳೆದು ಹೆಬ್ಬೆರಳಿನಷ್ಟಿದ್ದ ಕನ್ವರ್ಟರನ್ನು ಅವಳ ಅಂಗೈ ಮೇಲೆ ಹಾಕಿದ. ಒಂದು ಕಡೆ ಬಿಳಿಯ ಬಾಯಿಗೆ ಹೊಂದುವ ಪಿನ್ನುಗಳು, ಇನ್ನೊಂದು ಕಡೆ ನೀಲಿ ತೂತುಗಳು. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಳು.

ಇನ್ನು ಮಾನಿಟರನ್ನು ಮೇಜಿನ ಮೇಲೆ ಎತ್ತಿಡುವ ಕೆಲಸ. ಅದು ಒಬ್ಬರಿಂದಾಗುವುದಲ್ಲ. ನಾಗಭೂಷಣ್ ಗೊಣಗುತ್ತ ಬಂದ.

"ಹೊಸಾದು ಕಣ್ಮುಂದೆ ಇರೋವಾಗ ಈ ಗುಂಡುಕಲ್ಲು ಯಾಕೆ ನಿಂಗೆ? ಸೊಂಟ ಹಿಡ್ಕೊಂಡ್ರೆ ನೀನೇ ಎಣ್ಣೆ ತಿಕ್ಕು."

"ತಿಕ್ತೀನಿ. ಎತ್ತಿ."

ಇಬ್ಬರೂ ಬುಸುಗುಟ್ಟುತ್ತ ಎತ್ತಿದರು. ಅರ್ಧ ದಾರಿಯಲ್ಲಿ ಅವನು ಕೈ ಬದಲಿಸಬೇಕು ಅಂದ, ಅವಳು ಬದಲಿಸಬೇಡಿ ಅಂದಳು. ಮಗುವಾದಾಗ ಆಸ್ಪತ್ರೆಯಲ್ಲೂ ಇಷ್ಟು ಬೈದಿರಲಿಲ್ಲ ನೀನು, ಎಂದು ಅವನು ಹಲ್ಲು ಕಚ್ಚಿಕೊಂಡೇ ಅಂದ. ಕೊನೆಗೂ ಅದು ಮೇಜಿನ ಮೇಲೆ ಕೂತಿತು, ಮೇಜು ಕಿರ್ ಎಂದಿತು.

ಶಿವಕುಮಾರಿ ಹೊಸ ಪರದೆಯ ಕೇಬಲ್ ಬಿಚ್ಚಿದಳು. ಕನ್ವರ್ಟರನ್ನು ಬಿಳಿಯ ಬಾಯಿಗೆ ಒತ್ತಿ, ಅದರ ಬೆನ್ನಿಗೆ ಹಳೆಯ ನೀಲಿ ಮುಖವನ್ನು ಸೇರಿಸಿ, ಎರಡೂ ಪಕ್ಕದ ಸ್ಕ್ರೂ ತಿರುವಿದಳು. ಕಂಪ್ಯೂಟರ್ ಹಾಕಿದಳು. ಮಾನಿಟರಿನ ಗುಂಡಿ ಒತ್ತಿದಳು. ಡೊಂಯ್ ಎಂದು ಅದು ಮೈ ನಡುಗಿಸಿತು. ಆ ಸದ್ದು ಕೇಳಿ ಎಷ್ಟು ವಾರವಾಗಿತ್ತು! ಕಂಪನಿಯ ಗುರುತು ಬಂತು, ಹೋಯಿತು. ಆಮೇಲೆ ಸಣ್ಣಗೆ ಸಿಳ್ಳೆ ಹಾಕಿದಂಥ ಸದ್ದು ಹೊರಟು ಪರದೆ ಕಪ್ಪಾಯಿತು. ನಡುವೆ ಒಂದು ಚಿಕ್ಕ ಚೌಕ, ಅದರಲ್ಲಿ ಇಂಗ್ಲಿಷಿನ ಎರಡು ಸಾಲು.

"ಹೇಳ್ಲಿಲ್ವಾ ನಾನು? ಆಗಲ್ಲ ಅದು," ಎಂದ ನಾಗಭೂಷಣ್. ಅವನ ದನಿಯಲ್ಲಿ ಸ್ವಲ್ಪ ನೆಮ್ಮದಿಯೇ ಇತ್ತು.

ಅವಳು ಅವನ ಕಡೆ ನೋಡಲಿಲ್ಲ. ಆ ಎರಡು ಸಾಲನ್ನು ಅಕ್ಷರ ಅಕ್ಷರವಾಗಿ ಓದಿದಳು. ನನ್ನ ಮಿತಿ ಮೀರಿದ್ದನ್ನು ಕೊಡುತ್ತಿದ್ದೀಯ ಎನ್ನುವ ಅರ್ಥದ ಮಾತು ಅದು. ಕೂತು ಯೋಚಿಸಿದಳು. ಮಾನಿಟರ್ ಕೆಟ್ಟಿದ್ದರೆ ಕಂಪನಿಯ ಗುರುತಾದರೂ ಹೇಗೆ ಬರುತ್ತಿತ್ತು? ಕೇಬಲ್ ತಪ್ಪಾಗಿದ್ದರೆ ಈ ಎರಡು ಸಾಲಾದರೂ ಹೇಗೆ ಬಂದವು? ಎರಡೂ ಸರಿಯಿವೆ. ಹೊಸ ಪರದೆ ಹಳೆಯದಕ್ಕಿಂತ ಅಗಲ ಜಾಸ್ತಿ. ಅದರ ಅಳತೆಗೆ ಕತ್ತರಿಸಿದ ಚಿತ್ರವನ್ನೇ ಕಂಪ್ಯೂಟರ್ ಇದಕ್ಕೂ ಕಳಿಸುತ್ತಿದೆ. ಅಣ್ಣನ ಅಳತೆಗೆ ಹೊಲಿಸಿದ ಅಂಗಿಯನ್ನು ತಾತನಿಗೆ ತೊಡಿಸಿದರೆ ಅವನು ಕಿರುಚದೆ ಇನ್ನೇನು ಮಾಡುತ್ತಾನೆ?

ಎಲ್ಲ ಬಿಚ್ಚಿ ಹೊಸ ಪರದೆಯನ್ನು ಮತ್ತೆ ಸಿಕ್ಕಿಸಿದಳು. ಸೆಟ್ಟಿಂಗಿಗೆ ಹೋಗಿ, ಚಿತ್ರದ ಅಳತೆಯನ್ನು ಹಳೆಯ ಮಾನಿಟರಿನಲ್ಲಿ ಇಷ್ಟು ವರ್ಷ ಇಟ್ಟಿದ್ದ ಅಳತೆಗೆ ಇಳಿಸಿದಳು. ಹೊಸ ಪರದೆಯ ಮೇಲಿನ ಅಕ್ಷರಗಳೆಲ್ಲ ಊದಿಕೊಂಡವು.

"ಅಯ್ಯಯ್ಯೋ, ಏನ್ ಮಾಡ್ದೆ ಅದನ್ನ!" ಎಂದು ನಾಗಭೂಷಣ್ ಎದೆಯ ಮೇಲೆ ಕೈಯಿಟ್ಟುಕೊಂಡ.

ಅವಳು ಮತ್ತೆ ಕೇಬಲ್ ಬದಲಿಸಿದಳು. ಮತ್ತೆ ಕಂಪ್ಯೂಟರ್ ಹಾಕಿದಳು. ಡೊಂಯ್. ಕಂಪನಿಯ ಗುರುತು. ಸಿಳ್ಳೆಯಿಲ್ಲ, ಕಪ್ಪಿಲ್ಲ. ನೀಲಿ ಆಕಾಶ, ಹಸಿರು ದಿಬ್ಬ, ಎಡಗಡೆ ಅವಳ ಫೋಲ್ಡರುಗಳ ಸಾಲು, ಎಲ್ಲವೂ ಬಂದು ನಿಂತವು. ಸ್ವಲ್ಪ ಮಿಣಮಿಣ ಅನ್ನುತ್ತಿತ್ತು. ಸೆಟ್ಟಿಂಗಿನಲ್ಲಿ ಇನ್ನೊಂದು ಅಂಕಿ ಏರಿಸಿದಳು, ಅದೂ ನಿಂತಿತು.

ಆದರೂ ಅವಳು ಸಂಧ್ಯಾಳ ಪತ್ರಿಕೆಯನ್ನು ತೆರೆಯಲಿಲ್ಲ. ಎದ್ದು ಕಸಪೊರಕೆ ತೆಗೆದುಕೊಂಡಳು.

"ಏನೇ ಇದು? ತೆಗೆದು ತೋರ್ಸು!"

"ಬಿಸಿಯಾಗ್ಬೇಕು."

"ನನಗೆ ಬಿಸಿಯಾಗ್ತಿದೆ ಇಲ್ಲಿ!"

ಬೆಳಗ್ಗೆ ಗುಡಿಸಿದ್ದ ಅಂಗಡಿಯನ್ನೇ ಅವಳು ಮತ್ತೊಮ್ಮೆ ಗುಡಿಸಿದಳು. ಬಸವಣ್ಣನ ಪಟದ ಗಾಜು ಒರೆಸಿದಳು. ಫ್ಲಾಸ್ಕಿನಿಂದ ಇಬ್ಬರಿಗೂ ಕಾಫಿ ಬಗ್ಗಿಸಿದಳು. ತನ್ನ ಕಣ್ಣಿನ ಹಣೆಬರಹ ತಿಳಿಯುವ ಹೊತ್ತಿನಲ್ಲೂ ಹಸಿ ಬಣ್ಣ ನೋಡಲು ಅವಳು ತಯಾರಿರಲಿಲ್ಲ. ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಪತ್ರಿಕೆಯನ್ನು ತೆರೆದಳು.

ಹಳದಿ!

ಕಣ್ಣು ಕುಕ್ಕುವ, ಮದುವೆಯ ಹಿಂದಿನ ದಿನ ಮೈಗೆ ಹಚ್ಚುವ ಅರಿಶಿನದ ಹಳದಿ. ಕೈಯಲ್ಲಿದ್ದ ಕಾರ್ಡನ್ನು ಪಕ್ಕದಲ್ಲಿ ಹಿಡಿದಳು. ಎರಡೂ ಒಂದೇ. ಶಿವಕುಮಾರಿ ನಕ್ಕಳು, ನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು. ಆ ನೀರಿನ ಹಿಂದಿನಿಂದಲೂ ಹಳದಿ ಹಳದಿಯಾಗಿಯೇ ಕಂಡಿತು.

"ನನ್ನ ಕಣ್ಣು ಸರಿಯಾಗಿದೆ ಕಣ್ರೀ."

"ನಾನೂ ಅದನ್ನೇ ತಾನೇ ಹೇಳಿದ್ದು, ಹಳದಿ ಇದೆ ಅಂತ?" ಎಂದ ನಾಗಭೂಷಣ್. "ಹೊಸಾದ್ರಲ್ಲೇ ಕಾಣ್ತಿತ್ತಲ್ಲ ನಂಗೆ. ನಿನಗೆ ಯಾಕೆ ಕಾಣ್ಲಿಲ್ಲ?"

ಅವನು ಸುಳ್ಳು ಹೇಳುವವನಲ್ಲ, ಹಳದಿ ಕಂಡಿದ್ದಕ್ಕೇ ಹಳದಿ ಅಂದಿದ್ದ. ಹಾಗಾದರೆ ಒಂದೇ ಪರದೆ ಇಬ್ಬರಿಗೆ ಎರಡು ಬಣ್ಣ ತೋರಿಸಿತೇ? ಅವಳು ಆ ದಿನ ತಾವಿಬ್ಬರೂ ಇದ್ದ ಜಾಗವನ್ನು ನೆನೆಸಿಕೊಂಡಳು. ತಾನು ಕೂತಿದ್ದೆ. ಇವರು ಹಿಂದೆ ನಿಂತಿದ್ದರು, ಸೊಂಟದ ಮೇಲೆ ಕೈಯಿಟ್ಟುಕೊಂಡು.

ಮತ್ತೆ ಕೇಬಲ್ ಬದಲಿಸಿ ಹೊಸ ಪರದೆಯಲ್ಲಿ ಪತ್ರಿಕೆ ತೆರೆದಳು. ಎದ್ದು ಗಂಡನನ್ನು ಭುಜ ಹಿಡಿದು ತನ್ನ ಕುರ್ಚಿಯಲ್ಲಿ ಕೂರಿಸಿದಳು. ಹತ್ತು ವರ್ಷದಲ್ಲಿ ಅವನು ಆ ಕುರ್ಚಿಯಲ್ಲಿ ಕೂತದ್ದೇ ಇಲ್ಲ.

"ಏನ್ ಬಣ್ಣ?"

ನಾಗಭೂಷಣ್ ನೋಡಿದ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದ.

"ಕೆನೆ," ಎಂದ ಮೆಲ್ಲಗೆ.

"ಎದ್ದು ನಿಂತ್ಕೊಂಡು ನೋಡಿ."

ನಿಂತ. "ಹಳದಿ!"

"ಕೂತ್ಕೊಳ್ಳಿ."

"ಕೆನೆ!"

ಅವನಿಗೇ ನಂಬಿಕೆ ಬರಲಿಲ್ಲ. ಎದ್ದ, ಕೂತ, ಎದ್ದ, ಕೂತ. ಗಣಪತಿಯ ಮುಂದೆ ಬಸ್ಕಿ ಹೊಡೆಯುವವನ ಹಾಗೆ ತಾನೇ ಕೊಂಡುತಂದ ಪರದೆಯ ಮುಂದೆ ಏಳುತ್ತ ಕೂರುತ್ತ ಬೆವೆತುಹೋದ. ಶಿವಕುಮಾರಿ ಕೈಕಟ್ಟಿಕೊಂಡು ನೋಡುತ್ತ ನಿಂತಳು. ಸಾಕು ಅನ್ನಬಹುದಿತ್ತು. ಅನ್ನಲಿಲ್ಲ.

ಶುಕ್ರವಾರ ಮುತ್ಯಾಲಮ್ಮ ಹೇಳಿದಂತೆಯೇ ಬಂದಳು. ಹಳೆಯ ಮಾನಿಟರ್ ಬೆಳಗ್ಗೆಯಿಂದ ಬಿಸಿಯಾಗಿ ಕೂತಿತ್ತು. ಅದರ ತುಂಬ ಸಂಧ್ಯಾಳ ಪತ್ರಿಕೆ, ಶಿವಕುಮಾರಿ ಹೊಸದಾಗಿ ಹದ ಮಾಡಿದ ಕೆನೆ ಬಣ್ಣದಲ್ಲಿ. ಮುತ್ಯಾಲಮ್ಮ ಕೂತು ನೋಡಿದಳು, ನಿಂತು ನೋಡಿದಳು, ಬಾಗಿಲ ಹತ್ತಿರ ಹೋಗಿ ನೋಡಿದಳು. ಎಲ್ಲಿಂದ ನೋಡಿದರೂ ಆ ಪೆಟ್ಟಿಗೆ ಒಂದೇ ಮಾತು ಹೇಳುತ್ತಿತ್ತು. ಆದರೂ ಅವಳಿಗೆ ಸಮಾಧಾನವಿಲ್ಲ. ಸ್ಟೀಲ್ ಡಬ್ಬಿ ತೆಗೆದು, ನಾಗಭೂಷಣ್ ಅಯ್ಯೋ ಅನ್ನುವಷ್ಟರಲ್ಲಿ, ಮಾನಿಟರಿನ ಗಾಜಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿಯೇ ಬಿಟ್ಟಳು.

ಕೆನೆಯ ಮೇಲೆ ನಾಲ್ಕು ಅರಿಶಿನದ ಬೊಟ್ಟು ಎದ್ದು ಕಂಡವು.

"ಹಾಂ! ಈಗ ನೋಡವ್ವಾ ಮದ್ವೆ ಮನೆ ಕಳೆ ಬಂತು. ಹಿಂಗೇ ಹೊಡೆಸು." ಆಮೇಲೆ ಅವಳು ತುಸು ದನಿ ತಗ್ಗಿಸಿದಳು. "ಕಣ್ಣು ಹೆಂಗಿದೆ ಈಗ? ಡ್ರಾಪ್ಸ್ ಏನಾದ್ರೂ ಹಾಕಿದ್ರಾ?"

ಶಿವಕುಮಾರಿ ಗಂಡನ ಮುಖ ನೋಡಿದಳು. ಅವನು ಗಂಟಲು ಸರಿಮಾಡಿಕೊಂಡು, "ಅದು ಸ್ವಲ್ಪ ಟೆಕ್ನಿಕಲ್ ಪ್ರಾಬ್ಲಮ್ಮಮ್ಮ," ಎಂದು ಹೇಳಿ ಇಲ್ಲದ ಕೆಲಸ ಹುಡುಕಿಕೊಂಡು ಒಳಗೆ ಹೋದ. ಡಾಕ್ಟರ ಹತ್ತಿರ ಬರೆಸಿದ್ದ ಹೆಸರನ್ನು ಅವನು ಆಗಲೇ ಹೊಡೆಸಿಹಾಕಿದ್ದ, ಗುಜರಿಯವನಿಗೂ ಬರಬೇಡ ಅಂದಿದ್ದ. ಆದರೆ ಮುತ್ಯಾಲಮ್ಮನ ಕಣ್ಣಲ್ಲಿ ಶಿವಕುಮಾರಿ ಇನ್ನೂ ದೃಷ್ಟಿ ಮಂಜಾದ ಪಾಪದ ಹೆಂಗಸಾಗಿಯೇ ಉಳಿದಳು. ಅವಳಿಗೆ ಅದು ಮುಳ್ಳಿನಂತೆ ಚುಚ್ಚಿತು. ಗಂಡ ಯಾರೂ ಇಲ್ಲದಾಗ ಬಸ್ಕಿ ಹೊಡೆದರೆ ಏನು ಬಂತು, ಕಣ್ಣು ಸರಿಯಿಲ್ಲ ಅಂದದ್ದು ಗಿರಾಕಿಯ ಮುಂದಲ್ಲವೇ?

ಹೊಸ ಪತ್ರಿಕೆಗಳು ಅಚ್ಚಾಗಿ ಬಂದ ದಿನ ಮುತ್ಯಾಲಮ್ಮ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಳು. ಕಟ್ಟು ಬಿಚ್ಚಿ, ಮೇಲಿನ ಕಾರ್ಡಿಗೆ ಅರಿಶಿನ ಕುಂಕುಮ ಹಚ್ಚಿ, ಮನೆದೇವತೆ ದ್ರೌಪದಮ್ಮನ ಹೆಸರು ಹೇಳಿ ಕಣ್ಣಿಗೊತ್ತಿಕೊಂಡು ದೇವರಿಗೆಂದು ಚೀಲದಲ್ಲಿಟ್ಟಳು. ಎರಡನೆಯದಕ್ಕೂ ಹಚ್ಚಿದಳು. ಅದನ್ನು ಕವರಿಗೆ ಹಾಕಿ ನಾಗಭೂಷಣನ ಮುಂದೆ ಹಿಡಿದಳು.

"ಇದು ನಿಮ್ಗೆ. ನಂಗೆ ಬರೆಯೋಕೆ ಬರಲ್ಲ, ನಿಮ್ ಹೆಸ್ರು ನೀವೇ ಬರ್ಕೊಳ್ಳಿ. ಎಲ್ಲಾರೂ ಬರ್ಬೇಕು, ಹಿಂದಿನ್ ದಿನಾನೇ ಬಂದ್ಬಿಡಿ."

ಶಿವಕುಮಾರಿ ದಂಗಾದಳು. ಈ ಅಂಗಡಿಯಿಂದ ಸಾವಿರಾರು ಮದುವೆಗಳ ಪತ್ರಿಕೆ ಹೋಗಿವೆ. ಯಾರೊಬ್ಬರೂ ಅದನ್ನು ಮಾಡಿದವರಿಗೇ ಒಂದು ಕೊಟ್ಟದ್ದಿಲ್ಲ, ಕೊಡಬೇಕೆಂದು ಅವಳೂ ಎಂದೂ ಬಯಸಿರಲಿಲ್ಲ. ನಾಗಭೂಷಣ್ ಜೇಬಿನ ಪೆನ್ನು ತೆಗೆದ. ಲಗ್ನಪತ್ರಿಕೆಯ ಕವರಿನ ಮೇಲೆ ಹೆಸರು ಬರೆಯುವ ಕ್ರಮ ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಯಜಮಾನನ ಹೆಸರು ಮೊದಲು, ಆಮೇಲೆ 'ಮತ್ತು ಕುಟುಂಬದವರು'. ಆ ನಾಲ್ಕು ಪದ ಬರೆಯಲು ಅವನು ತುಂಬ ಹೊತ್ತು ತೆಗೆದುಕೊಂಡ. ಬರೆದು ಮುಗಿಸಿ ಕವರನ್ನು ಮುತ್ಯಾಲಮ್ಮನ ಕೈಗೆ ಕೊಟ್ಟ.

"ಏನ್ ಬರ್ದೆ? ಓದಪ್ಪಾ," ಎಂದಳು ಅವಳು.

"ಶ್ರೀಮತಿ ಶಿವಕುಮಾರಿಯವರು ಮತ್ತು ಕುಟುಂಬದವರಿಗೆ," ಎಂದು ಅವನು ಗಟ್ಟಿಯಾಗಿ ಓದಿದ. ಪಕ್ಕದ ಅಂಗಡಿಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ಅಮ್ಮಾ, ಅವತ್ತು ನಿಮ್ಮುಂದೆ ಇವಳ ಕಣ್ಣು ಸರಿಯಿಲ್ಲ ಅಂದ್ಬಿಟ್ಟೆ. ಸರಿಯಿಲ್ದೇ ಇದ್ದಿದ್ದು ನಾನ್ ತಂದ ಸ್ಕ್ರೀನು. ಇವಳ ಕಣ್ಣಿಂದಲೇ ಈ ಅಂಗಡಿ ನಡೀತಿರೋದು."

ಮುತ್ಯಾಲಮ್ಮ ಅವನನ್ನೊಮ್ಮೆ, ಶಿವಕುಮಾರಿಯನ್ನೊಮ್ಮೆ ನೋಡಿದಳು. ಎದ್ದು ಬಂದು ಶಿವಕುಮಾರಿಯ ಹಣೆಗೆ ಕುಂಕುಮ ಇಟ್ಟು, ಕವರನ್ನು ಅವಳ ಎರಡೂ ಕೈಗೆ ಕೊಟ್ಟಳು. ಹಾಗೇ ನಾಗಭೂಷಣನ ಕಡೆ ತಿರುಗಿದಳು.

"ಅಲ್ಲಪ್ಪಾ, ಹಂಗಾದ್ರೆ ನೀನು ಬರಲ್ವಾ ಮದ್ವೆಗೆ?"

"ಕುಟುಂಬದವರು ಅಂತ ಬರ್ದಿದೀನಲ್ಲಮ್ಮ," ಎಂದ ನಾಗಭೂಷಣ್. "ಅದ್ರಲ್ಲಿ ನಾನೂ ಇದೀನಿ."